ರೇಡಿಯೋ ಅಲೆ, ಬೆಳಕಿನ ಕಣ: ಪ್ರಶ್ನೆ ಪೆಟ್ಟಿಗೆಯ ಎರಡು ಚೀಟಿಗಳಿಗೆ ಉತ್ತರ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ವಿಜ್ಞಾನ ಸಂಘದವರು ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಶಾಲೆಯ 2005ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್.)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, ಮಕ್ಕಳಿಗೆ ವಿಜ್ಞಾನದ ಬಗ್ಗೆ ಅರ್ಧ ಗಂಟೆ ಮಾತನಾಡಬೇಕು ಎಂದಾಗ ನಾನು ಒಂದೇ ಒಂದು ಕೋರಿಕೆ ಇಟ್ಟೆ. ವಿಷಯವನ್ನು ನಾನು ಆರಿಸುವುದು ಬೇಡ, ವಿಜ್ಞಾನ ಸಂಘದ ಪ್ರಶ್ನೆ ಪೆಟ್ಟಿಗೆಯಿಂದಲೇ ಆರಿಸಿ ಕಳಿಸಿ ಎಂದೆ. ಆ ಪೆಟ್ಟಿಗೆ ನಮ್ಮ ಕಾಲದಲ್ಲೂ ಇತ್ತು. ಅವರು ಎರಡು ಚೀಟಿಗಳ ಚಿತ್ರ ತೆಗೆದು ಕಳಿಸಿದರು. ಎರಡರಲ್ಲೂ ಹೆಸರಿಲ್ಲ, ಕೈಬರಹ ಬೇರೆ ಬೇರೆ.

ಮೊದಲನೆಯ ಚೀಟಿ ಹೀಗಿದೆ: "ರೇಡಿಯೋ ಅಲೆಯೂ ಬೆಳಕಿನ ಹಾಗೆ ಫೋಟಾನ್‌ಗಳಿಂದ ಆಗಿದೆ ಎಂದು ವಿಡಿಯೋದಲ್ಲಿ ಹೇಳಿದರು. ಫೋಟಾನನ್ನು ಒಬ್ಬರು ಹೀರಿಕೊಂಡರೆ ಅದು ಮುಗಿದುಹೋಗುತ್ತದಂತೆ. ಹಾಗಾದರೆ ನಮ್ಮ ಮನೆಯ ರೇಡಿಯೋ ಅದನ್ನು ಹೀರಿಕೊಂಡ ಮೇಲೆ ಪಕ್ಕದ ಮನೆಯವರಿಗೆ ಹಾಡು ಹೇಗೆ ಕೇಳಿಸುತ್ತದೆ?"

ಎರಡನೆಯದು: "ನಮ್ಮ ಮನೆಯ ಹತ್ತಿರ ಮೊಬೈಲ್ ಟವರ್ ಹಾಕಿದ್ದಾರೆ. ಅದರಿಂದ ರೇಡಿಯೇಷನ್ ಬರುತ್ತದೆ ಎಂದು ಅಮ್ಮ ತಂಗಿಯನ್ನು ಮಹಡಿ ಮೇಲೆ ಆಡಲು ಬಿಡುವುದಿಲ್ಲ. ಭಯಪಡಬೇಕಾ?"

ಮೊದಲ ಚೀಟಿ ಕುತೂಹಲದ್ದು. ಎರಡನೆಯದು ಒಂದು ಮನೆಯ ಆತಂಕ. ಇವು ಬೇರೆ ಬೇರೆ ಎಂದು ಕಾಣುತ್ತವೆ. ಆದರೆ ಮೊದಲನೆಯದಕ್ಕೆ ಸರಿಯಾಗಿ ಉತ್ತರ ಕಂಡುಕೊಂಡರೆ ಎರಡನೆಯದರ ಉತ್ತರದ ದೊಡ್ಡ ಪಾಲು ತಾನಾಗಿ ಸಿಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಅದಕ್ಕೂ ಮುಂಚೆ ಒಂದು ಮಾತು. ನಾನು ಭೌತವಿಜ್ಞಾನಿಯಲ್ಲ. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ಸ್‌ನಲ್ಲಿ ಬಿ.ಇ. ಓದಿ, ಮೊಬೈಲ್ ಜಾಲದ ದೋಷಗಳನ್ನು ಹುಡುಕುವ ಸಾಫ್ಟ್‌ವೇರ್ ಬರೆದು ಜೀವನ ನಡೆಸುತ್ತಿರುವವನು. ಟವರಿನ ಅನ್ನ ತಿನ್ನುವವನು ಟವರಿನ ಬಗ್ಗೆ ಮಾತನಾಡುವಾಗ ಕೇಳುವವರು ಸ್ವಲ್ಪ ಎಚ್ಚರವಾಗಿರಬೇಕು. ಆದ್ದರಿಂದ ನಾನು ಹೇಳುವ ಲೆಕ್ಕಗಳನ್ನು ನಿಮ್ಮ ವಿಜ್ಞಾನದ ಮೇಷ್ಟ್ರ ಜೊತೆ ಕೂತು ಮತ್ತೆ ಮಾಡಿ ನೋಡಿ. ಹಂಚಿದ ಹಾಳೆಯಲ್ಲಿ ಅವೆಲ್ಲ ಇವೆ.

ಮಕ್ಕಳೇ, ಈ ಪ್ರಶ್ನೆ ಕೇಳುವುದಕ್ಕೆ ಮೈಸೂರಿಗಿಂತ ಒಳ್ಳೆಯ ಊರಿಲ್ಲ. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಡಾ. ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಪ್ರಸಾರ ಆರಂಭಿಸಿದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ದಿನ ಕುವೆಂಪು ಅವರು ಕವನ ಓದಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳುತ್ತಾರೆ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರೇ ಆಯಿತು. ಗೋಪಾಲಸ್ವಾಮಿಯವರ ಮೊದಲ ಪ್ರೇಷಕದ ಸಾಮರ್ಥ್ಯ 30 ವ್ಯಾಟ್ ಎನ್ನುತ್ತಾರೆ. ಅಂದರೆ ನಮ್ಮ ಹಳೆಯ ಟ್ಯೂಬ್‌ಲೈಟಿಗಿಂತ ಕಡಿಮೆ. ಆಮೇಲೆ ನಿಲಯವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು, 1974ರಲ್ಲಿ ಮೈಸೂರಿಗೆ ಮತ್ತೆ ನಿಲಯ ಬಂತು. ನಮ್ಮ ಶಾಲೆಯೂ ಸರಿಸುಮಾರು ಆ ಕಾಲದ್ದೇ. ಯಾದವಗಿರಿಯ ಆಕಾಶವಾಣಿಯೂ ನಾವೂ ಒಂದೇ ವಾರಿಗೆಯವರು ಎನ್ನಬಹುದು.

ಈಗ ಚೀಟಿಯ ಪ್ರಶ್ನೆಗೆ ಬರೋಣ. 30 ವ್ಯಾಟ್‌ನಷ್ಟು ಶಕ್ತಿಯನ್ನು ಒಂದು ಮನೆಯಿಂದ ಆಕಾಶಕ್ಕೆ ಬಿಟ್ಟರೆ ಅದು ಅಷ್ಟೊಂದು ಮನೆಗಳಿಗೆ ಹೇಗೆ ಸಾಕಾಗುತ್ತದೆ?

ಮೊದಲು ಅಲೆ ಹೊರಡುವ ಬಗೆ ನೋಡೋಣ. ಲೋಹದ ಒಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುವ ಎಲೆಕ್ಟ್ರಾನ್‌ಗಳಿವೆ. ಪ್ರೇಷಕವು ತನ್ನ ಆಂಟೆನಾದ ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಮೈಸೂರು ಆಕಾಶವಾಣಿಯ ಎಫ್.ಎಂ. 100.6 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 10 ಕೋಟಿ 6 ಲಕ್ಷ ಸಲ ಹೀಗೆ ತೂಗುವುದು. ಆ ತೂಗಾಟದಿಂದ ಸುತ್ತಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಅದೇ ಲಯದಲ್ಲಿ ಏರಿಳಿಯುತ್ತವೆ. ಆ ಏರಿಳಿತವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹರಡಿಕೊಂಡು ಹೋಗುತ್ತದೆ. ಇದೇ ರೇಡಿಯೋ ಅಲೆ. ಒಂದು ಅಲೆಯ ಉದ್ದ ಸುಮಾರು 3 ಮೀಟರ್. ನಮ್ಮ ರೇಡಿಯೋದಿಂದ ಎಳೆದು ನಿಲ್ಲಿಸುವ ಕಡ್ಡಿ ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿ ಇರುವುದು ಅದಕ್ಕೇ. ಅದು ಅಲೆಯ ಕಾಲು ಭಾಗ.

ಅಲೆ ನಿಮ್ಮ ಮನೆಯ ಕಡ್ಡಿಯನ್ನು ಮುಟ್ಟಿದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಕೂಡ ಅದೇ ಲಯದಲ್ಲಿ ತೂಗತೊಡಗುತ್ತವೆ. ಒಂದಲ್ಲ, ಎರಡಲ್ಲ, ಎಣಿಸಲಾಗದಷ್ಟು ಎಲೆಕ್ಟ್ರಾನ್‌ಗಳು ಒಟ್ಟಿಗೆ, ಒಂದೊಂದೂ ಅತ್ಯಲ್ಪವಾಗಿ. ಕಡ್ಡಿ ಮುರಿದ ರೇಡಿಯೋಗೆ ನಾವೆಲ್ಲ ತಂತಿ ಕಟ್ಟಿ ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸುತ್ತಿದ್ದೆವು. ಹಾಡು ಸ್ಪಷ್ಟವಾಗುತ್ತಿತ್ತು. ತೂಗುವುದಕ್ಕೆ ಎಲೆಕ್ಟ್ರಾನ್ ಇರುವ ಲೋಹ ಸಿಕ್ಕರೆ ಸಾಕು. ಆ ಸಣ್ಣ ತೂಗಾಟದಿಂದ ಬೇಕಾದ ನಿಲಯದ ಲಯವೊಂದನ್ನೇ ಆರಿಸಿ, ದೊಡ್ಡದು ಮಾಡಿ, ಸ್ಪೀಕರಿಗೆ ಕೊಡುವುದು ರೇಡಿಯೋದ ಕೆಲಸ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಅದು ಮೇಲೇರುತ್ತದೆ, ಲಯ ತಪ್ಪಿ ನೂಕಿದರೆ ಏರುವುದಿಲ್ಲ. ರೇಡಿಯೋದ ಗುಂಡಿ ತಿರುಗಿಸುವಾಗ ನಾವು ಮಾಡುವುದು ಒಳಗಿನ ಉಯ್ಯಾಲೆಯ ಲಯವನ್ನು ಹೊಂದಿಸುವುದು.

ಬೆಳಕನ್ನು ನಾವು ಹಿಡಿಯುವ ಬಗೆ ಹೀಗಲ್ಲ. ನಿಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಬೆಳಕು ಗ್ರಹಿಸುವ ಅಣುಗಳಿವೆ. ಒಂದು ಫೋಟಾನ್ ಬಂದು ಒಂದು ಅಣುವಿಗೆ ತಾಗಿದರೆ ಆ ಅಣು ಫೋಟಾನಿನ ಶಕ್ತಿಯನ್ನು ಪೂರ್ತಿಯಾಗಿ ನುಂಗಿ ತನ್ನ ಆಕಾರವನ್ನೇ ಬದಲಿಸುತ್ತದೆ. ಅರ್ಧ ನುಂಗಿ ಅರ್ಧ ಬಿಡುವುದಿಲ್ಲ. ಕತ್ತಲಿಗೆ ಒಗ್ಗಿದ ಕಣ್ಣಿನ ಒಂದು ಜೀವಕೋಶ ಒಂದೇ ಒಂದು ಫೋಟಾನಿಗೂ ಸ್ಪಂದಿಸಬಲ್ಲದು. ಮನೆಯ ಮೇಲಿನ ಸೋಲಾರ್ ಫಲಕದಲ್ಲೂ ಹೀಗೆಯೇ. ಒಂದು ಫೋಟಾನ್, ಒಂದು ಎಲೆಕ್ಟ್ರಾನ್.

ಹಾಗಾದರೆ ರೇಡಿಯೋ ಬೇರೆ, ಬೆಳಕು ಬೇರೆಯೇ? ಇಲ್ಲ. ಇದಕ್ಕೆ ಒಂದು ಸೊಗಸಾದ ಸಾಕ್ಷಿ ಇದೆ. 1887ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಚ್ ಹರ್ಟ್ಸ್ ಎಂಬ ವಿಜ್ಞಾನಿ ಮೇಜಿನ ಮೇಲೆ ಒಂದು ಕಡೆ ವಿದ್ಯುತ್ ಕಿಡಿ ಹಾರಿಸುತ್ತಿದ್ದರು. ಸ್ವಲ್ಪ ದೂರದಲ್ಲಿ ಒಂದು ತಂತಿಯ ಬಳೆ ಇಟ್ಟಿದ್ದರು, ಆ ಬಳೆಯಲ್ಲಿ ಕೂದಲೆಳೆಯಷ್ಟು ಸಂದು. ಇಲ್ಲಿ ಕಿಡಿ ಹಾರಿದಾಗ ಅಲ್ಲಿ ಸಂದಿನಲ್ಲೂ ಪುಟ್ಟ ಕಿಡಿ ಕಾಣಿಸುತ್ತಿತ್ತು. ರೇಡಿಯೋ ಅಲೆ ಹೋಗಿ ಮುಟ್ಟಿದ್ದಕ್ಕೆ ಅದು ರುಜುವಾತು. ಆ ಪುಟ್ಟ ಕಿಡಿ ಚೆನ್ನಾಗಿ ಕಾಣಲಿ ಎಂದು ಅವರು ಬಳೆಯ ಸಂದಿಗೆ ಕತ್ತಲಿನ ಮುಚ್ಚಳ ಹಾಕಿದರು. ಆಶ್ಚರ್ಯವೆಂದರೆ ಕಿಡಿ ಇನ್ನೂ ದುರ್ಬಲವಾಯಿತು. ನಡುವೆ ಗಾಜು ಇಟ್ಟರೂ ದುರ್ಬಲವಾಯಿತು, ಸ್ಫಟಿಕ ಶಿಲೆ ಇಟ್ಟರೆ ಆಗಲಿಲ್ಲ. ದೊಡ್ಡ ಕಿಡಿಯಿಂದ ಬರುತ್ತಿದ್ದ ನೇರಳಾತೀತ ಬೆಳಕು ಲೋಹದ ತುದಿಗೆ ಬಿದ್ದಾಗ ಕಿಡಿ ಸುಲಭವಾಗಿ ಹಾರುತ್ತಿತ್ತು. ಗಾಜು ಆ ಬೆಳಕನ್ನು ತಡೆಯುತ್ತಿತ್ತು, ಸ್ಫಟಿಕ ತಡೆಯುತ್ತಿರಲಿಲ್ಲ.

ಅಂದರೆ ಒಂದೇ ಕಿಡಿಯಿಂದ ಎರಡು ಹೊರಟವು. ಒಂದು ರೇಡಿಯೋ ಅಲೆ, ಅದು ಬಳೆಯ ಎಲೆಕ್ಟ್ರಾನ್‌ಗಳನ್ನೆಲ್ಲ ಒಟ್ಟಿಗೆ ತೂಗಿತು. ಇನ್ನೊಂದು ನೇರಳಾತೀತ ಬೆಳಕು, ಅದು ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಲೋಹದಿಂದ ಹೊರಗೆ ಹೊಡೆದು ಹಾಕಿತು. ಎರಡೂ ಒಂದೇ ಮೇಜಿನ ಮೇಲೆ, ಒಂದೇ ತಂತಿಯಲ್ಲಿ ನಡೆದವು. ಎರಡನೆಯದಕ್ಕೆ ದ್ಯುತಿ ವಿದ್ಯುತ್ ಪರಿಣಾಮ ಎಂದು ಹೆಸರು. ಬೆಳಕಿನ ಶಕ್ತಿ ಕಂತೆ ಕಂತೆಯಾಗಿ ಬರುತ್ತದೆ ಎಂದು ಭಾವಿಸಿದರೆ ಇದು ಅರ್ಥವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಆ ಕಂತೆಗೆ ಫೋಟಾನ್ ಎಂಬ ಹೆಸರು ಬಳಕೆಗೆ ಬಂದದ್ದು 1926ರಲ್ಲಿ.

ಕಂತೆಯ ಗಾತ್ರಕ್ಕೆ ಒಂದೇ ನಿಯಮ. ಆವೃತ್ತಿ ಹೆಚ್ಚಿದಷ್ಟೂ ಕಂತೆ ದೊಡ್ಡದು. ಹಸಿರು ಬೆಳಕಿನ ಆವೃತ್ತಿ ನಮ್ಮ ಎಫ್.ಎಂ. ಅಲೆಯದಕ್ಕಿಂತ ಸುಮಾರು 60 ಲಕ್ಷ ಪಟ್ಟು ಹೆಚ್ಚು. ಆದ್ದರಿಂದ ಹಸಿರು ಬೆಳಕಿನ ಒಂದು ಫೋಟಾನ್ ಎಫ್.ಎಂ. ಅಲೆಯ ಒಂದು ಫೋಟಾನಿಗಿಂತ 60 ಲಕ್ಷ ಪಟ್ಟು ದೊಡ್ಡದು.

60 ಲಕ್ಷ ಎಂದರೆ ಎಷ್ಟು ಎಂದು ಮನಸ್ಸಿಗೆ ಬರುವುದಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗೋಣ. ಅಲ್ಲಿ ತೆಂಗಿನಕಾಯಿಯನ್ನು ಎಣಿಸಿ ಕೊಡುತ್ತಾರೆ. ರಾಗಿ ಹಿಟ್ಟನ್ನು ಯಾರೂ ಎಣಿಸುವುದಿಲ್ಲ, ತೂಗಿ ಕೊಡುತ್ತಾರೆ. ಹಾಗೆಂದು ಹಿಟ್ಟಿನಲ್ಲಿ ಕಣಗಳಿಲ್ಲ ಎನ್ನಲು ಆಗುತ್ತದೆಯೇ? ಇವೆ, ಎಣಿಸಲಾಗದಷ್ಟು ಸಣ್ಣವು. ಈಗ 600 ಗ್ರಾಂ ತೂಗುವ ಒಂದು ತೆಂಗಿನಕಾಯಿಯನ್ನು 60 ಲಕ್ಷ ಭಾಗ ಮಾಡಿ. ಒಂದೊಂದು ಭಾಗದ ತೂಕ ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು. ಒಂದು ರಾಗಿ ಕಾಳಿಗಿಂತಲೂ ಎಷ್ಟೋ ಕಡಿಮೆ. ಬೀಸಿದ ಹಿಟ್ಟಿನ ಒಂದು ಕಣ ಎನ್ನಿ. ಬೆಳಕಿನ ಫೋಟಾನ್ ತೆಂಗಿನಕಾಯಿಯಾದರೆ ರೇಡಿಯೋ ಫೋಟಾನ್ ಹಿಟ್ಟಿನ ಕಣ. ಬೆಳಕು ಹಿಡಿಯುವ ಸಾಧನ ಕಾಯಿ ಎಣಿಸುತ್ತದೆ, ಆಂಟೆನಾ ಹಿಟ್ಟು ತೂಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇದೇ.

ಈಗ ಲೆಕ್ಕ ಮಾಡೋಣ. ಒಂದು ಎಫ್.ಎಂ. ಪ್ರೇಷಕ 10 ಕಿಲೋವ್ಯಾಟ್ ಶಕ್ತಿಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಬಿಡುತ್ತಿದೆ ಎಂದಿಟ್ಟುಕೊಳ್ಳಿ. ನಿಮ್ಮ ಮನೆ ಅಲ್ಲಿಂದ 10 ಕಿಲೋಮೀಟರ್ ದೂರ. ಚಾವಣಿಯ ಮೇಲೆ ಒಂದೂವರೆ ಮೀಟರಿನ ಒಳ್ಳೆಯ ಆಂಟೆನಾ ಇದೆ. ಅದಕ್ಕೆ ಸಿಗುವ ಪಾಲು ಸುಮಾರು 100 ಕೋಟಿಯಲ್ಲಿ ಒಂದು. ಅಷ್ಟರಲ್ಲೇ ಎಷ್ಟು ಫೋಟಾನ್‌ಗಳಿವೆ ಗೊತ್ತೇ? ಅಲೆ ಒಂದು ಸಲ ಏರಿ ಇಳಿಯುವಷ್ಟರಲ್ಲಿ ಸುಮಾರು ಒಂದು ಲಕ್ಷ ಕೋಟಿ. ಅಲೆ ಹಾಗೆ ಏರಿಳಿಯುವುದು ಸೆಕೆಂಡಿಗೆ 10 ಕೋಟಿ ಸಲ.

ಮೊದಲ ಚೀಟಿ ಬರೆದವರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಪೂರ್ತಿ ಸರಿ. ನಿಮ್ಮ ರೇಡಿಯೋ ಹೀರಿಕೊಂಡ ಫೋಟಾನ್ ನಿಮ್ಮದೇ, ಅದು ಪಕ್ಕದ ಮನೆಗೆ ಹೋಗುವುದಿಲ್ಲ. ಆದರೆ ಪಕ್ಕದ ಮನೆಗೆ ಅವರದೇ ಲಕ್ಷ ಕೋಟಿ ಬರುತ್ತಿದೆ. ಹತ್ತು ಲಕ್ಷ ಮನೆಗಳವರು ಇಂಥ ಆಂಟೆನಾ ಹಾಕಿದರೂ ಎಲ್ಲರೂ ಸೇರಿ ತೆಗೆದುಕೊಳ್ಳುವುದು ಸಾವಿರದಲ್ಲಿ ಒಂದು ಪಾಲು. ಉಳಿದದ್ದು ಮರ, ಗೋಡೆ, ನೆಲಕ್ಕೆ ತಾಗಿ ಕರಗುತ್ತದೆ, ಇಲ್ಲವೇ ಆಕಾಶಕ್ಕೆ ಹೋಗುತ್ತದೆ. ಕೇಳುವವರು ಹೆಚ್ಚಾದರೆಂದು ನಿಲಯದ ವಿದ್ಯುತ್ ಬಿಲ್ಲು ಒಂದು ಪೈಸೆಯೂ ಹೆಚ್ಚುವುದಿಲ್ಲ.

ಬೆಳಕಿನಲ್ಲೂ ಹೀಗೆಯೇ ಅಲ್ಲವೇ? ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಂಡಾಗ ಸಾವಿರಾರು ಜನ ನೋಡುತ್ತಾರೆ. ನಾನು ನೋಡಿದೆನೆಂದು ನಿಮಗೆ ದೀಪ ಮಂಕಾಗುವುದಿಲ್ಲ. ಆದರೆ ನಾನು ನಿಮ್ಮ ಮುಂದೆಯೇ ನಿಂತರೆ ನಿಮಗೆ ಕಾಣುವುದಿಲ್ಲ, ಏಕೆಂದರೆ ನಿಮ್ಮ ಕಣ್ಣಿಗೆ ಬರಬೇಕಾದ ಫೋಟಾನ್‌ಗಳನ್ನು ನನ್ನ ಬೆನ್ನು ನುಂಗಿಬಿಟ್ಟಿದೆ.

ಇನ್ನೊಂದು ಅನುಮಾನ ಬರಬಹುದು. ಅಷ್ಟು ಸಣ್ಣ ಪಾಲು ಸಿಕ್ಕರೆ ಹಾಡು ಪೂರ್ತಿ ಹೇಗೆ ಬರುತ್ತದೆ, ಒಬ್ಬರಿಗೆ ಪಲ್ಲವಿ, ಇನ್ನೊಬ್ಬರಿಗೆ ಚರಣ ಎಂದು ಹಂಚಿಹೋಗುವುದಿಲ್ಲವೇ? ಇಲ್ಲ. ಒಂದೊಂದು ಫೋಟಾನ್ ಒಂದೊಂದು ಸ್ವರವನ್ನು ಹೊತ್ತು ತರುವುದಿಲ್ಲ. ಹಾಡು ಇರುವುದು ಇಡೀ ಗುಂಪಿನ ಏರಿಳಿತದ ಲಯದಲ್ಲಿ. ಎಫ್.ಎಂ.ನಲ್ಲಿ ಆ ಲಯವೇ ಸ್ವಲ್ಪ ಚುರುಕಾಗುತ್ತದೆ, ಸ್ವಲ್ಪ ನಿಧಾನವಾಗುತ್ತದೆ. ದೂರ ಹೋದಂತೆ ಅಲೆ ಕ್ಷೀಣಿಸುತ್ತದೆ, ಲಯ ಹಾಗೆಯೇ ಉಳಿಯುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಇಡೀ ತಪ್ಪಲೆ ಬೇಕಿಲ್ಲ.

ರೇಡಿಯೋ ಫೋಟಾನನ್ನು ಒಂದೊಂದಾಗಿ ಏಕೆ ಎಣಿಸಬಾರದು? ಏಕೆಂದರೆ ಆಂಟೆನಾದ ಎಲೆಕ್ಟ್ರಾನ್‌ಗಳು ಸುಮ್ಮನೆ ಕೂತಿಲ್ಲ. ಕೋಣೆಯ ಉಷ್ಣತೆಯಿಂದಲೇ ಅವು ಸದಾ ನಡುಗುತ್ತಿರುತ್ತವೆ. ಆ ನಡುಕದ ಶಕ್ತಿ ಒಂದು ಎಫ್.ಎಂ. ಫೋಟಾನಿಗಿಂತ ಸುಮಾರು 60 ಸಾವಿರ ಪಟ್ಟು ಹೆಚ್ಚು. ಜಂಬೂಸವಾರಿಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿದ ಹಾಗೆ. ಒಬ್ಬರ ಪಿಸುಮಾತು ಕೇಳಿಸದು, ಲಕ್ಷ ಜನ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟಿದರೆ ಕೇಳಿಸುತ್ತದೆ. ಆ ನಡುಕವನ್ನು ಕಡಿಮೆ ಮಾಡಿದರೆ ಎಣಿಸಲೂ ಸಾಧ್ಯ. ನಿರಪೇಕ್ಷ ಶೂನ್ಯದ ಹತ್ತಿರದ ಶೈತ್ಯದಲ್ಲಿ ಮೈಕ್ರೋವೇವ್ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸಿದ ಫ್ರಾನ್ಸಿನ ಸೆರ್ಜ್ ಹರೋಶ್ ಅವರು 2012ರ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಹಾಗಾಗಿ ವಿಡಿಯೋದಲ್ಲಿ ಹೇಳಿದ್ದು ನಿಜ, ರೇಡಿಯೋ ಅಲೆಯಲ್ಲೂ ಫೋಟಾನ್ ಇದೆ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯವರು ಒಬ್ಬನೇ ಸೂರ್ಯನನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಕೊಡೈಕನಾಲ್ ಬೆಟ್ಟದ ವೀಕ್ಷಣಾಲಯದಲ್ಲಿ ಮಸೂರ, ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಹಿಡಿಯುತ್ತಾರೆ. ಗೌರಿಬಿದನೂರಿನ ಹತ್ತಿರದ ಬಯಲಿನಲ್ಲಿ, ಹಳೆಯ ಟಿ.ವಿ. ಆಂಟೆನಾಗಳಂಥ ಲೋಹದ ಕಡ್ಡಿಗಳ ಸಾಲಿನಿಂದ ಅದೇ ಸೂರ್ಯನ ರೇಡಿಯೋ ಅಲೆಯನ್ನು ಹಿಡಿಯುತ್ತಾರೆ. ಅಲ್ಲಿ ಕಾಯಿ ಎಣಿಕೆ, ಇಲ್ಲಿ ಹಿಟ್ಟಿನ ತೂಕ.

(ಇಲ್ಲಿ ಎರಡು ಪ್ರಯೋಗಗಳನ್ನು ತೋರಿಸಲಾಯಿತು.) ಈಗ ತೋರಿಸಿದ್ದನ್ನು ನೀವೇ ಮನೆಯಲ್ಲಿ ಮಾಡಬಹುದು. ಒಂದು, ಹಾಡುತ್ತಿರುವ ಸಣ್ಣ ಎಫ್.ಎಂ. ರೇಡಿಯೋವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿಯಿರಿ. ಹಾಡು ಹೋಗಿ ಬರೀ ಸೊರ್ ಎನ್ನುವ ಸದ್ದು ಉಳಿಯುತ್ತದೆ. ಡಬ್ಬಿಯ ಲೋಹದ ಎಲೆಕ್ಟ್ರಾನ್‌ಗಳು ಅಲೆಯನ್ನು ಒಳಗೆ ಬಿಡಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಹಾಡು ಹಾಗೇ ಇರುತ್ತದೆ. ಎರಡು, ಒಂದು ಹಸಿರು ಎಲ್.ಇ.ಡಿ.ಯ ಎರಡು ಕಾಲುಗಳನ್ನು ಮಲ್ಟಿಮೀಟರಿಗೆ ಜೋಡಿಸಿ. ಅದರ ಮೇಲೆ ಪ್ರಖರವಾದ ಕೆಂಪು ಎಲ್.ಇ.ಡಿ. ಬೆಳಕು ಬಿಡಿ. ಮೀಟರ್ ಬಹುಮಟ್ಟಿಗೆ ಅಲುಗಾಡುವುದಿಲ್ಲ. ಈಗ ನೀಲಿ ಎಲ್.ಇ.ಡಿ.ಯ ಮಂದ ಬೆಳಕು ಬಿಡಿ. ಮೀಟರ್ ವೋಲ್ಟೇಜ್ ತೋರಿಸುತ್ತದೆ. ಕೆಂಪು ಫೋಟಾನ್ ಚಿಕ್ಕದು, ನೀಲಿಯದು ದೊಡ್ಡದು. ಒಂದು ಎಲೆಕ್ಟ್ರಾನನ್ನು ಎಬ್ಬಿಸಲು ಬೇಕಾದ ಗಾತ್ರ ಕೆಂಪು ಫೋಟಾನಿಗೆ ಇಲ್ಲ. ಹತ್ತು ಕೆಂಪು ಫೋಟಾನ್ ಸೇರಿ ಒಂದು ನೀಲಿಯ ಕೆಲಸ ಮಾಡಲಾರವು.

ಈ ಕೊನೆಯ ವಾಕ್ಯ ಹಿಡಿದುಕೊಂಡೇ ಎರಡನೆಯ ಚೀಟಿಗೆ ಬರುತ್ತೇನೆ.

ಚೀಟಿ ಬರೆದವರೇ, ಮೊದಲಿಗೆ ನಿಮ್ಮ ಅಮ್ಮನ ಭಯವನ್ನು ಯಾರೂ ನಗಬಾರದು. ಕಣ್ಣಿಗೆ ಕಾಣದ್ದು, ತಮ್ಮನ್ನು ಕೇಳದೆ ಮನೆಯ ಪಕ್ಕ ಬಂದು ನಿಂತದ್ದು, ಅದರ ಹೆಸರು ರೇಡಿಯೇಷನ್. ಎಕ್ಸ್‌ರೇ ಕೊಠಡಿಯ ಬಾಗಿಲ ಮೇಲೂ ಅದೇ ಹೆಸರು ಬರೆದಿರುತ್ತದೆ. ಹೆದರುವುದು ಸಹಜ. ಆದರೆ ಆ ಒಂದು ಹೆಸರಿನ ಕೆಳಗೆ ತೆಂಗಿನಕಾಯಿಯೂ ಇದೆ, ಹಿಟ್ಟಿನ ಕಣವೂ ಇದೆ.

ಮರದಿಂದ ಒಂದು ಕಾಯಿ ತಲೆಯ ಮೇಲೆ ಬಿದ್ದರೆ ತಲೆ ಒಡೆಯುತ್ತದೆ. ಅಷ್ಟೇ ತೂಕದ ಹಿಟ್ಟನ್ನು ಜರಡಿಯಿಂದ ಸುರಿದರೆ ಒಡೆಯುವುದಿಲ್ಲ, ಯಾವ ಒಂದು ಕಣಕ್ಕೂ ಒಡೆಯುವ ಶಕ್ತಿ ಇಲ್ಲ. ನಮ್ಮ ಜೀವಕೋಶದ ಅಣುಗಳ ಕೊಂಡಿ ಮುರಿಯಬೇಕಾದರೆ ಒಂದೇ ಫೋಟಾನಿನಲ್ಲಿ ಸಾಕಷ್ಟು ಶಕ್ತಿ ಇರಬೇಕು. ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಇದೆ, ಅದಕ್ಕೇ ಚರ್ಮಕ್ಕೆ ಹಾನಿ. ಎಕ್ಸ್‌ರೇಗೆ ಅದಕ್ಕಿಂತ ಬಹಳ ಹೆಚ್ಚು ಇದೆ. ಮೊಬೈಲಿನ 1800 ಮೆಗಾಹರ್ಟ್ಸ್ ಅಲೆಯ ಫೋಟಾನ್ ಹಸಿರು ಬೆಳಕಿನ ಫೋಟಾನಿನ ಮೂರು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ನಮ್ಮ ಮೈಯ ಬಿಸಿಗೆ ಅಣುಗಳು ತಾವಾಗಿ ನಡುಗುವ ಶಕ್ತಿಯೇ ಅದಕ್ಕಿಂತ ಮೂರು ಸಾವಿರ ಪಟ್ಟು ಹೆಚ್ಚು. ಎಕ್ಸ್‌ರೇ ಮಾಡುವ ಬಗೆಯ ಹಾನಿಯನ್ನು ಅದು ಮಾಡಲಾರದು.

ಹಾಗೆಂದು ಹಿಟ್ಟಿನಿಂದ ಏನೂ ಆಗುವುದಿಲ್ಲ ಎಂದೂ ಹೇಳಬಾರದು. ಒಂದು ಮೂಟೆ ಹಿಟ್ಟು ಒಟ್ಟಿಗೆ ಮೈಮೇಲೆ ಬಿದ್ದರೆ ಏಟಾಗುತ್ತದೆ. ರೇಡಿಯೋ ಅಲೆಯಲ್ಲಿ ಆ ಮೂಟೆ ಎಂದರೆ ಶಾಖ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದು ಇಂಥ ಅಲೆಯಿಂದಲೇ, ನೂರಾರು ವ್ಯಾಟ್‌ಗಳನ್ನು ಒಂದು ಪೆಟ್ಟಿಗೆಯೊಳಗೆ ತುಂಬಿ. ಅದಕ್ಕೇ ಟವರುಗಳಿಗೆ ಮಿತಿ ಇದೆ. 2012ರಲ್ಲಿ ನಮ್ಮ ದೇಶದಲ್ಲಿ ಆ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಪಾಲಿಗೆ ಇಳಿಸಿದರು. ಆಗ 1800 ಮೆಗಾಹರ್ಟ್ಸ್‌ಗೆ ಇಟ್ಟ ಮಿತಿ ಒಂದು ಚದರ ಮೀಟರಿಗೆ ಸುಮಾರು ಒಂದು ವ್ಯಾಟ್. ನಡುಮಧ್ಯಾಹ್ನದ ಬಿಸಿಲು ಅದೇ ಜಾಗಕ್ಕೆ ಸುಮಾರು ಒಂದು ಸಾವಿರ ವ್ಯಾಟ್ ಸುರಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರಲ್ಲಿ ರೇಡಿಯೋ ಅಲೆಗಳನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು. ಆ ತೀರ್ಮಾನಕ್ಕೆ ಮುಖ್ಯ ಆಧಾರ ಫೋನನ್ನು ಕಿವಿಗೆ ಹಚ್ಚಿ ದೀರ್ಘಕಾಲ ಮಾತನಾಡುವವರ ಅಧ್ಯಯನಗಳು, ಸಾಕ್ಷ್ಯ ಸೀಮಿತ ಎಂದೂ ಅದು ಹೇಳಿತು. ಅಂದರೆ ಪ್ರಶ್ನೆಯನ್ನು ತೆರೆದಿಟ್ಟಿದ್ದಾರೆ. ಗುರಿ ಮಾತ್ರ ಟವರಿಗಿಂತ ಹೆಚ್ಚಾಗಿ ಕೈಯಲ್ಲಿರುವ ಫೋನಿನ ಕಡೆಗಿದೆ. ಏಕೆಂದರೆ ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕನೇ ಒಂದು ಪಾಲಾಗುತ್ತದೆ. ಟವರು ಹತ್ತಾರು ಮೀಟರ್ ಆಚೆ, ಫೋನು ಕಿವಿಯ ಮೇಲೆ.

ನನ್ನ ಕೆಲಸದ ಪರದೆಯ ಮೇಲೆ ದಿನವೂ ಒಂದು ಸಂಖ್ಯೆ ನೋಡುತ್ತೇನೆ, ಮೈನಸ್ 100 ಡಿಬಿಎಂ. ಸಿಗ್ನಲ್ ತೀರಾ ಕಡಿಮೆ ಇರುವಾಗ ಫೋನಿಗೆ ಸಿಗುವ ಶಕ್ತಿ ಅದು. ಒಂದು ವ್ಯಾಟಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೂ ಸೆಕೆಂಡಿಗೆ ಸುಮಾರು 8 ಸಾವಿರ ಕೋಟಿ ಫೋಟಾನ್‌ಗಳಿರುತ್ತವೆ, ಅದಕ್ಕೇ ಫೋನು ಮಾತನಾಡುತ್ತದೆ. ಆದರೆ ಅಂಥ ಕಡೆ ಫೋನು ತಾನು ಟವರಿಗೆ ಕೇಳಿಸಬೇಕೆಂದು ಗಂಟಲು ಎತ್ತರಿಸುತ್ತದೆ, ತನ್ನ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಟವರು ದೂರವಾದಷ್ಟೂ ಕಿವಿಯ ಹತ್ತಿರದ ಫೋನು ಹೆಚ್ಚು ಬಲವಾಗಿ ಪ್ರಸಾರ ಮಾಡುತ್ತದೆ. ಟವರನ್ನು ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಅಮ್ಮನಿಗೆ ಕಾಯಿ ಮತ್ತು ಹಿಟ್ಟಿನ ವ್ಯತ್ಯಾಸ ಹೇಳಿ, ಇದು ಅಡುಗೆಮನೆಯ ಭಾಷೆಯೇ. ದೂರಸಂಪರ್ಕ ಇಲಾಖೆಯವರು 2017ರಲ್ಲಿ 'ತರಂಗ ಸಂಚಾರ್' ಎಂಬ ಜಾಲತಾಣ ಆರಂಭಿಸಿದರು. ಟವರುಗಳು ಮಿತಿಯೊಳಗಿವೆಯೇ ಎಂಬ ವಿವರ ಅಲ್ಲಿದೆ. ಅಳತೆ ಕೇಳುವುದು ನಾಗರಿಕರ ಹಕ್ಕು, ನಾಚಿಕೊಳ್ಳಬೇಡಿ. ಟವರಿನ ಆಂಟೆನಾ ಫಲಕದ ಎದುರಿಗೇ, ಕೈಯಳತೆಯಲ್ಲಿ ಯಾರೂ ನಿಲ್ಲಬಾರದು, ಅಲ್ಲಿ ಬೇಲಿ, ಎಚ್ಚರಿಕೆ ಫಲಕ ಇರಬೇಕು. ಫೋನಿನಲ್ಲಿ ಬಹಳ ಹೊತ್ತು ಮಾತನಾಡುವುದಾದರೆ ಇಯರ್‌ಫೋನ್ ಬಳಸಿ. ಅಳತೆ ಮಿತಿಯೊಳಗಿದ್ದರೆ ತಂಗಿ ಮಹಡಿಯ ಮೇಲೆ ಆಡಲಿ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಮಾತ್ರ ಬೇಡ. ಮಹಡಿಯ ಮೇಲೆ ಕಾಯಿ ಬೀಳುವುದಿದ್ದರೆ ಅದು ಸೂರ್ಯನಿಂದ.

ಕೊನೆಯದಾಗಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಮಾತು. ಮೊದಲ ಚೀಟಿಯ ಪ್ರಶ್ನೆಯನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಯಾರೂ ಕೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ಅಲ್ಲಿ ರೇಡಿಯೋ ಅಲೆ ಒಂದು ಪತ್ರಿಕೆ, ಫೋಟಾನ್ ಇನ್ನೊಂದು ಪತ್ರಿಕೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಇದು ಹೇಗೆ ಸರಿಹೋಗುತ್ತದೆ ಎಂದು ಕೇಳಿದ್ದು ನಮ್ಮ ಶಾಲೆಯ ಒಂದು ಮಗು, ಕನ್ನಡದಲ್ಲಿ, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ. ಪ್ರಶ್ನೆಗೆ ಇಂಗ್ಲಿಷ್ ಬೇಕಿಲ್ಲ. ಓದಲು ಮುಂದೆ ಬೇಕಾಗುತ್ತದೆ, ಕಲಿಯಿರಿ. ಆದರೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ನಿಮ್ಮದೇ ಮಾತಿನಲ್ಲಿ ಕೇಳುವ ಅಭ್ಯಾಸ ಬಿಡಬೇಡಿ.

ನಮ್ಮ 2005ನೇ ಸಾಲಿನ ಗೆಳೆಯರು ಸೇರಿ ಪ್ರಯೋಗಾಲಯಕ್ಕೆ ಹತ್ತು ಮಲ್ಟಿಮೀಟರ್, ಹತ್ತು ಸಣ್ಣ ರೇಡಿಯೋ ಮತ್ತು ಒಂದು ಡಬ್ಬಿ ಎಲ್.ಇ.ಡಿ. ತಂದಿದ್ದೇವೆ. ಅವು ಬೀರುವಿನಲ್ಲಿ ಬೀಗ ಹಾಕಿ ಇಡುವುದಕ್ಕಲ್ಲ. ಬಿಚ್ಚಿ, ಜೋಡಿಸಿ, ಕೆಟ್ಟರೆ ಕೆಡಲಿ, ಮತ್ತೆ ತಂದುಕೊಡುತ್ತೇವೆ. ಪ್ರಶ್ನೆ ಪೆಟ್ಟಿಗೆ ಮಾತ್ರ ಖಾಲಿ ಬಿಡಬೇಡಿ.